ಕುಡಿದ ಜೇನಿನ ಋಣ

ನೀವು ಬಸ್ಸಲ್ಲಿದೀರೋ, ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡಿದೀರೋ, ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸ್ತಾ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡಿದೀರೋ ಗೊತ್ತಿಲ್ಲ. ಎಲ್ಲೇ ಇದ್ರೂ ಸರಿ. ಇವತ್ತಿನ ಕಥೆ ಒಂದು ಬಾಟಲಿಯಿಂದ ಶುರುವಾಗುತ್ತೆ.

ನಮ್ಮೂರು ಬಾಳ್ಳುಪೇಟೆ. ಹಾಸನದಿಂದ ಸಕಲೇಶಪುರಕ್ಕೆ ಹೋಗೋ ಹೈವೇಲಿ, ಆಲೂರಿನ ಕಡೆ ದಾಟಿದ ಮೇಲೆ ಬಯಲು ಮುಗಿದು ಕಾಫಿ ತೋಟ ಕಾಣಿಸ್ಕೊಳ್ಳೋ ಜಾಗ. ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಒಂದು ಒಳ್ಳೆ ಹೂಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗುತ್ತೆ. ಆ ಎರಡು ಮೂರು ದಿನ ಊರಿಡೀ ಕಾಫಿ ಹೂವಿನ ವಾಸನೆ. ಜೇನುಹುಳಗಳಿಗೂ ಪುರುಸೊತ್ತಿರಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ನಮ್ಮ ಅಡುಗೆಮನೆಯ ಅಟ್ಟದಿಂದ ಟಪ್ ಅಂತ ಸದ್ದು ಬಂತು. ಹತ್ತಿ ನೋಡಿದ್ರೆ ಜೇನುತುಪ್ಪದ ಬಾಟಲಿಯ ಬಿರಡೆ ಹಾರಿಹೋಗಿದೆ. ಬಾಯಿಂದ ನೊರೆ ಇಳೀತಿದೆ. ಅಜ್ಜಿ ಬಂದು ಮೂಸಿ ನೋಡಿದ್ರು. "ಹುಳಿ ಬಂದದೆ ಮಗ. ಎರಿ ಬಾಯಿ ಮುಚ್ಚೋಕ್ ಮುಂಚೆನೇ ಹಿಂಡವ್ರೆ" ಅಂದ್ರು.

ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ಹುಳಗಳು ಹೂವಿನ ರಸ ತಂದು, ರೆಕ್ಕೆಯಿಂದ ಗಾಳಿ ಹಾಕಿ ನೀರಂಶ ಇಳಿಸ್ತವೆ. ತುಪ್ಪ ಪಕ್ವ ಆಯ್ತು ಅಂದ ಮೇಲೆ ಎರಿಯ ಒಂದೊಂದು ಕೋಣೆಗೂ ಮೇಣದ ಮುಚ್ಚಳ ಹಾಕ್ತವೆ. ಅದಕ್ಕಿಂತ ಮುಂಚೆ ಹಿಂಡಿದ್ರೆ ತುಪ್ಪ ತೆಳ್ಳಗಿರುತ್ತೆ. ನಮ್ಮ ಮಲೆನಾಡಿನ ತೇವಕ್ಕೆ ತುಡುವೆ ಜೇನಿನ ತುಪ್ಪದಲ್ಲಿ ನೀರಂಶ ಮೊದಲೇ ಜಾಸ್ತಿ. ನೀರು ಶೇಕಡಾ 20 ದಾಟಿತು ಅಂದ್ರೆ, ಅದರೊಳಗೆ ಮಲಗಿರೋ ಯೀಸ್ಟ್ ಎದ್ದು ಕೂರುತ್ತೆ. ಸಕ್ಕರೆ ತಿನ್ನುತ್ತೆ, ಗ್ಯಾಸ್ ಬಿಡುತ್ತೆ, ಆಲ್ಕೋಹಾಲ್ ಮಾಡುತ್ತೆ. ಬಿರಡೆ ಹಾರಿದ್ದು ಅದಕ್ಕೇ.

ನಮ್ಮನೇಲಿ ಇದು ಕೆಟ್ಟುಹೋದ ತುಪ್ಪ. ಇದನ್ನೇ ಬೇಕಂತ ಮಾಡಿದ್ರೆ, ಅಂದ್ರೆ ಜೇನಿಗೆ ನೀರು ಬೆರೆಸಿ ಹುದುಗಿಸಿ ವಾರಗಟ್ಟಲೆ ಇಟ್ರೆ, ಅದಕ್ಕೊಂದು ಹೆಸರಿದೆ: ಮೀಡ್. ವೈಕಿಂಗ್‌ಗಳ ಗೇಮ್ ಆಡಿದವರಿಗೆ, ಸೀರೀಸ್ ನೋಡಿದವರಿಗೆ ಗೊತ್ತಿರುತ್ತೆ. ಕೊಂಬಿನ ಲೋಟ ಎತ್ತಿ ಗಟಗಟ ಕುಡೀತಾರಲ್ಲ, ಅದೇ.

ನಾನು ಕುಡಿಯೋ ಚಟಕ್ಕೆ ಇದರ ಹಿಂದೆ ಬಿದ್ದದ್ದಲ್ಲ. ನನ್ನನ್ನ ಹಿಡಿದಿದ್ದು ಆ ಪದ. ಅದನ್ನ ಹುಡುಕ್ತಾ ಹೋಗಿ, ಕೊನೆಗೆ ನಮ್ಮಜ್ಜನ ಹಳೇ ಲೆಕ್ಕದ ಪುಸ್ತಕಕ್ಕೆ ಬಂದು ನಿಂತೆ. ಹೇಗೆ ಅಂತ ಹೇಳ್ತೀನಿ.

ಮೊದಲು ಪದ. ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ, ಅಂದ್ರೆ ಹಳೆ ಇಂಗ್ಲಿಷಲ್ಲಿ, ಇದನ್ನ 'ಮೆಡು' ಅಂತಿದ್ರು. ಮೆಡು ಅನ್ನೋದನ್ನ ಒಂದ್ಸಲ ಜೋರಾಗಿ ಹೇಳಿ. ಈಗ 'ಮಧು' ಅನ್ನಿ. ಹೌದು, ಇವೆರಡೂ ಅಣ್ಣತಮ್ಮಂದಿರು. ಸಂಸ್ಕೃತ, ಗ್ರೀಕ್, ರಷ್ಯನ್, ಇಂಗ್ಲಿಷ್ ಎಲ್ಲಕ್ಕೂ ಮೂಲ ಅಂತ ಭಾಷಾಶಾಸ್ತ್ರದವರು ಗುರುತಿಸೋ ಒಂದು ಹಳೇ ಭಾಷೆ ಇದೆ. ಅದರಲ್ಲಿ ಜೇನಿಗೂ ಜೇನಿನ ಮದ್ಯಕ್ಕೂ ಒಂದೇ ಪದ ಇತ್ತು. ಅದು ಸಂಸ್ಕೃತದಲ್ಲಿ ಮಧು ಆಯ್ತು, ಇಂಗ್ಲಿಷಲ್ಲಿ ಮೆಡು ಆಯ್ತು, ಆಮೇಲೆ ಮೀಡ್ ಆಯ್ತು. ರಷ್ಯನ್ ಭಾಷೇಲಿ ಜೇನಿಗೆ 'ಮ್ಯೋದ್', ಕರಡಿಗೆ 'ಮೆದ್ವೇದ್'. ಜೇನು ತಿನ್ನೋದು ಅಂತ ಅರ್ಥ. ಚೀನಾದ 'ಮೀ', ಜಪಾನಿನ 'ಮಿತ್ಸು', ಎರಡಕ್ಕೂ ಜೇನು ಅಂತಲೇ ಅರ್ಥ. ಮಧ್ಯ ಏಷ್ಯಾದ ತೋಖಾರಿಯನ್ ಭಾಷೆಯಿಂದ ಈ ಪದ ಆ ಕಡೆ ದಾಟಿದ್ದು.

ಆದ್ರೆ ನಮ್ಮ 'ಜೇನು' ಈ ಕುಟುಂಬದ್ದಲ್ಲ. ಅದು ದ್ರಾವಿಡ ಪದ. ತಮಿಳು, ಮಲಯಾಳದಲ್ಲಿ ತೇನ್, ತೆಲುಗಲ್ಲಿ ತೇನೆ, ನಮ್ಮಲ್ಲಿ ಜೇನು. ಕನ್ನಡದವರು ಹುಳಕ್ಕೂ ಜೇನು ಅಂದ್ರು, ಅದರ ರಸಕ್ಕೆ 'ತುಪ್ಪ' ಸೇರಿಸಿದ್ರು. ಹಸು ಕೊಟ್ಟಿದ್ದೂ ತುಪ್ಪ, ಹುಳ ಕೊಟ್ಟಿದ್ದೂ ತುಪ್ಪ. ಸಂಸ್ಕೃತದ ಮಧು ನಮ್ಮ ಮನೆಗೆ ಆಮೇಲೆ ಬಂದ ನೆಂಟ. ಬಂದು ಕಾವ್ಯದಲ್ಲಿ, ಔಷಧಿಯಲ್ಲಿ, ಮದುವೆ ಆಲ್ಬಮ್ಮಲ್ಲಿ ಕೂತ್ಕೊಂಡ. ಮಧುಮೇಹದಲ್ಲಿ ಅವನೇ, ಮಧುಚಂದ್ರದಲ್ಲೂ ಅವನೇ.

ಮಧುಚಂದ್ರ ಅಂದಾಗ ಒಂದು ಮಾತು. ಹನಿಮೂನ್ ಪದದ ಬಗ್ಗೆ ರೀಲ್ಸಲ್ಲಿ ಒಂದು ಕಥೆ ಓಡಾಡುತ್ತೆ. ಹೊಸ ಗಂಡ ಹೆಂಡತಿ ಒಂದು ತಿಂಗಳು ಮೀಡ್ ಕುಡೀತಿದ್ರು, ಅದಕ್ಕೇ ಆ ಹೆಸರು ಅಂತ. ಅದಕ್ಕೆ ಆಧಾರ ಇಲ್ಲ. ಆ ಪದ ಇಂಗ್ಲಿಷಲ್ಲಿ ಕಾಣಿಸ್ಕೊಳ್ಳೋದೇ 16ನೇ ಶತಮಾನದಲ್ಲಿ. ಅವತ್ತಿನ ಅರ್ಥ ಸ್ವಲ್ಪ ಕುಹಕದ್ದು: ಮೊದಮೊದಲು ಜೇನಿನ ಹಾಗೆ ಸಿಹಿ, ಆಮೇಲೆ ಚಂದ್ರನ ಹಾಗೆ ಕ್ಷೀಣ. ನಾವು ಅದನ್ನ ಹಾಗೇ ಅನುವಾದ ಮಾಡ್ಕೊಂಡು ಲಗ್ನಪತ್ರಿಕೆ ಮನೆಗಳಿಗೆ ತಂದ್ವಿ.

ಇನ್ನೊಂದು ವಿಚಿತ್ರ ನೋಡಿ. ಈ ಪದ ಹೋದ ಕಡೆಯೆಲ್ಲ ಲೋಟದೊಳಗಿನ ವಸ್ತು ಬದಲಾಯ್ತು, ಪದ ಮಾತ್ರ ಉಳೀತು. ಗ್ರೀಕರ 'ಮೆಥು' ದ್ರಾಕ್ಷಿ ಮದ್ಯಕ್ಕೆ ಹೆಸರಾಯ್ತು. ಆ ಪದದಿಂದಲೇ 1830ರ ದಶಕದಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿಗಳು 'ಮೀಥೈಲ್'ನ ಮೂಲಪದ ಕಟ್ಟಿದ್ರು. ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು, ಜೀವ ತೆಗೆಯೋ ಮೀಥೈಲ್ ಆಲ್ಕೋಹಾಲ್ ಹೆಸರಲ್ಲೂ ಹಳೇ ಜೇನು ಇದೆ. ನಮ್ಮಲ್ಲೂ ಹಾಗೇ ಆಯ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯಗಳ ಪಟ್ಟಿ ಇದೆ. ಅಲ್ಲಿ 'ಮಧು' ಅಂದ್ರೆ ದ್ರಾಕ್ಷಿ ರಸದ ಮದ್ಯ. ಅಂದಹಾಗೆ ಆ ಪುಸ್ತಕ ಕಳೆದೇಹೋಯ್ತು ಅಂತ ಲೋಕ ತಿಳ್ಕೊಂಡಿದ್ದಾಗ, 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅದರ ತಾಳೆಗರಿ ಗುರುತಿಸಿದವರು ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅದನ್ನ ಅಚ್ಚು ಹಾಕಿಸಿದ್ರು.

ನಮ್ಮ ಹಾಸನ ಜಿಲ್ಲೆಯಲ್ಲೇ ಮಧು ಇನ್ನೊಂದು ಪಟ್ಟಿಗೂ ಸೇರ್ತು. ಶ್ರವಣಬೆಳಗೊಳದ ಜೈನರ ಗೃಹಸ್ಥಧರ್ಮದಲ್ಲಿ ಬಿಡಬೇಕಾದ ಮೂರು 'ಮ'ಗಳಿವೆ: ಮದ್ಯ, ಮಾಂಸ, ಮಧು. ಸಮಂತಭದ್ರರ ಶ್ರಾವಕಾಚಾರದಲ್ಲೇ ಈ ಮೂರೂ ಒಟ್ಟಿಗೆ ಬರುತ್ತೆ. ಜೇನು ಯಾಕೆ ಬಿಡಬೇಕು? ಅಮಲಿಗಾಗಿ ಅಲ್ಲ. ಎರಿ ಹಿಂಡಿದ್ರೆ ಮರಿಗಳು ಸಾಯ್ತವೆ, ಹುಳಗಳು ಮನೆ ಕಳ್ಕೊಳ್ತವೆ. ಸಿಹಿಯ ಹಿಂದೆ ಯಾರಿಗೆ ನೋವಾಯ್ತು ಅಂತ ಅವರು ಕೇಳಿದ್ರು. ಈ ಪ್ರಶ್ನೆ ನೆನಪಲ್ಲಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಈಗ ಇಂಗ್ಲೆಂಡಿಗೆ ಹೋಗೋಣ. ಬರಿಗೈಲಿ ಬೇಡ, ನಮ್ಮ ಜಿಲ್ಲೆಯ ಒಂದು ಕಲ್ಲು ಹಿಡ್ಕೊಂಡು ಹೋಗೋಣ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ. ಸುಮಾರು ಕ್ರಿ.ಶ. 450ರದ್ದು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದದ್ದು. ಅದರಲ್ಲೇನಿದೆ? ಯುದ್ಧದಲ್ಲಿ ಪರಾಕ್ರಮ ತೋರಿಸಿದ ವಿಜ ಅರಸ ಅನ್ನೋನಿಗೆ ಪಲ್ಮಿಡಿ, ಮೂಳಿವಳ್ಳಿ ಅನ್ನೋ ಊರುಗಳನ್ನ 'ಬಾಳ್ಗಳ್ಚು' ಆಗಿ ಕೊಟ್ಟದ್ದು. ಬಾಳು ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆಯೋದು. ಕತ್ತಿಯ ರಕ್ತ ತೊಳೆದು ಕೊಟ್ಟ ಭೂಮಿ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ, 5ನೇ ಶತಮಾನದಲ್ಲಿ, ಆಂಗ್ಲ ಮತ್ತು ಸ್ಯಾಕ್ಸನ್ ಜನ ಸಮುದ್ರ ದಾಟಿ ಬ್ರಿಟನ್ನಿಗೆ ಇಳೀತಿದ್ರು. ಅವರಲ್ಲೂ ಒಡೆಯ ಮತ್ತು ಯೋಧರ ಮಧ್ಯೆ ಇಂಥದ್ದೇ ಲೆಕ್ಕ ಇತ್ತು. ಅದು ಶುರುವಾಗ್ತಿದ್ದದ್ದು ಮೀಡ್ ಲೋಟದಿಂದ.

ಹಳೆ ಇಂಗ್ಲಿಷಿನ ದೊಡ್ಡ ಕಾವ್ಯ ಬಿಯೋವುಲ್ಫ್. 3,182 ಸಾಲು. ಉಳಿದಿರೋದು ಒಂದೇ ಒಂದು ಹಸ್ತಪ್ರತಿ, ಸುಮಾರು ಕ್ರಿ.ಶ. 1000ರದ್ದು. ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಕೊಂಡು ಬಚಾವಾಗಿದ್ದು. ಆ ಕಾವ್ಯದಲ್ಲಿ ಹ್ರೋತ್‌ಗಾರ್ ಅನ್ನೋ ರಾಜ ಒಂದು ದೊಡ್ಡ ಚಾವಡಿ ಕಟ್ಟಿಸ್ತಾನೆ. ಅದು ಮೀಡ್ ಕುಡಿಯೋ ಚಾವಡಿ. ಅಲ್ಲಿನ ಬೆಂಚಿಗೆ 'ಮೆಡು ಬೆಂಚು' ಅಂತ ಹೆಸರು. ಚಾವಡಿಗೆ ಹೋಗೋ ದಾರಿಗೆ 'ಮೆಡು ದಾರಿ', ಸುತ್ತಲ ಬಯಲಿಗೆ 'ಮೆಡು ಬಯಲು' ಅನ್ನೋ ಪದಗಳೂ ಬರ್ತವೆ. ರಾಣಿ ವೆಯಾಲ್ಹ್‌ಥೆಯೋ ತಾನೇ ಲೋಟ ಹಿಡ್ಕೊಂಡು ಒಬ್ಬೊಬ್ಬರ ಹತ್ರ ಹೋಗ್ತಾಳೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನೋದರಲ್ಲೇ ಸ್ಥಾನಮಾನ ಇರುತ್ತೆ. ನಮ್ಮಲ್ಲಿ ಪಂಕ್ತಿ ಊಟದಲ್ಲಿ ಮೊದಲ ಎಲೆ ಯಾರಿಗೆ ಅನ್ನೋ ಹಾಗೆ.

ಆ ಲೋಟ ಕುಡಿಯೋದು ಅಂದ್ರೆ ಒಂದು ಮಾತು ಕೊಟ್ಟ ಹಾಗೆ. ಇವತ್ತು ನಿನ್ನ ಮೀಡ್ ಕುಡಿದೆ, ನಾಳೆ ನಿನಗೋಸ್ಕರ ಕತ್ತಿ ಹಿಡೀತೀನಿ. ಕಾವ್ಯದ ಕೊನೇಲಿ ಮುದುಕನಾದ ಬಿಯೋವುಲ್ಫ್ ಬೆಂಕಿ ಉಗುಳೋ ಸರ್ಪದ ಜೊತೆ ಒಬ್ಬನೇ ಹೊಡೆದಾಡ್ತಿರ್ತಾನೆ. ಜೊತೆಗೆ ಬಂದ ಆಳುಗಳು ಹೆದರಿ ಕಾಡಿಗೆ ಓಡ್ತಾರೆ. ಆಗ ವಿಗ್ಲಾಫ್ ಅನ್ನೋ ಹುಡುಗ ಅವರಿಗೆ ನೆನಪಿಸೋದು ದೇವರನ್ನೂ ಅಲ್ಲ, ದೇಶವನ್ನೂ ಅಲ್ಲ. ಚಾವಡಿಯಲ್ಲಿ ಕೂತು ಮೀಡ್ ಕುಡಿದ ದಿನ ನಾವೇನಂದಿದ್ವಿ, ನೆನಪಿದೆಯಾ ಅಂತ ಕೇಳ್ತಾನೆ.

ಇದು ಕಟ್ಟುಕಥೆ ಅನ್ನಬಹುದು. ಆದ್ರೆ 991ರಲ್ಲಿ ಎಸೆಕ್ಸ್ ಕರಾವಳಿಯ ಮಾಲ್ಡನ್‌ನಲ್ಲಿ ನಿಜವಾದ ಯುದ್ಧ ಆಯ್ತು. ವೈಕಿಂಗ್‌ಗಳ ಕೈಲಿ ಇಂಗ್ಲಿಷರ ನಾಯಕ ಬಿರ್ತ್‌ನೋತ್ ಸತ್ತ. ಆ ಯುದ್ಧದ ಮೇಲಿನ ಪದ್ಯದಲ್ಲಿ ಕೆಲವರು ಓಡಿಹೋಗ್ತಾರೆ, ಒಬ್ಬನಂತೂ ನಾಯಕನ ಕುದುರೆಯನ್ನೇ ಹತ್ತಿ. ಉಳಿದವರು ಸಾಯೋಕೆ ನಿಲ್ತಾರೆ. ನಿಂತವರಲ್ಲೊಬ್ಬ ಹೇಳೋದೂ ಅದೇ ಮಾತು: ಬೆಂಚಿನ ಮೇಲೆ ಕೂತು ಮೀಡ್ ಮುಂದೆ ಜಂಭ ಕೊಚ್ಚಿದ್ವಲ್ಲ, ಈಗ ತೋರಿಸೋಣ. ಪಕ್ಕದ ವೆಲ್ಶ್ ಜನರ 'ಗೊಡೊಡಿನ್' ಕಾವ್ಯದಲ್ಲಂತೂ ಯೋಧರು ಒಂದು ವರ್ಷ ಒಡೆಯನ ಮೀಡ್ ಕುಡಿದು, ಆಮೇಲೆ ಯುದ್ಧಕ್ಕೆ ಹೋಗಿ ಸಾಯ್ತಾರೆ. ಕುಡಿದ ಮೀಡಿನ ಬೆಲೆಯನ್ನ ಜೀವ ಕೊಟ್ಟು ತೀರಿಸಿದ್ರು ಅನ್ನೋದೇ ಅವರಿಗೆ ಸಿಗೋ ಹೊಗಳಿಕೆ.

ಇದನ್ನ ಓದುವಾಗ ನನಗೆ ಇದೆಲ್ಲೋ ಕೇಳಿದ ಮಾತು ಅನ್ನಿಸ್ತು. ನಿಮಗೂ ಅನ್ನಿಸಿರುತ್ತೆ. ನಿನ್ನ ಉಪ್ಪು ತಿಂದಿದೀನಿ, ನಿನ್ನ ಅನ್ನದ ಋಣ ನನ್ನ ಮೇಲಿದೆ. ಹಳೇ ಸಿನಿಮಾಗಳಲ್ಲಿ ಎಷ್ಟು ಸಲ ಕೇಳಿಲ್ಲ?

ಕನ್ನಡದಲ್ಲಿ ಇದಕ್ಕೆ ಇನ್ನೂ ಹಳೇ ಹೆಸರಿದೆ. ಜೋಳವಾಳಿ. ಜೋಳದ ಪಾಳಿ ಅಂತಲೂ ಅಂತಾರೆ. ಪಾಳಿ ಅಂದ್ರೆ ಕಟ್ಟುಪಾಡು, ಕರ್ತವ್ಯ. ಒಡೆಯನ ಜೋಳ ತಿಂದವನು ಆ ಜೋಳದ ಋಣ ತೀರಿಸಬೇಕು, ಬೇಕಾದ್ರೆ ತಲೆ ಕೊಟ್ಟು. ಪಂಪನ ಕಾಲ, ಅಂದ್ರೆ 10ನೇ ಶತಮಾನದ ಕನ್ನಡಕ್ಕೆ ಇದು ಚೆನ್ನಾಗಿ ಗೊತ್ತಿದ್ದ ಮಾತು. ಪಂಪಭಾರತದ ಕರ್ಣ ತಾನು ಯಾರ ಮಗ ಅಂತ ಗೊತ್ತಾದ ಮೇಲೂ ದುರ್ಯೋಧನನನ್ನ ಬಿಡಲ್ಲ. ಅದೇ ಕಾವ್ಯದಲ್ಲಿ, ಜೈನನಾದ ಪಂಪ ಒಂದು ಪಾನಗೋಷ್ಠಿಯನ್ನೂ ಬಣ್ಣಿಸ್ತಾನೆ. ಅಂದ್ರೆ ಮದ್ಯದ ಪರಿಚಯ ನಮ್ಮ ಕವಿಗಳಿಗೆ ಇರಲಿಲ್ಲ ಅಂತಲ್ಲ. ಆದ್ರೆ ನಿಷ್ಠೆಯನ್ನ ಅಳೆಯೋಕೆ ಕನ್ನಡ ನಾಡು ಲೋಟ ತಗೊಳ್ಳಲಿಲ್ಲ, ಜೋಳ ತಗೊಂಡಿತು. ಅಮಲಿನ ಬದಲು ಹೊಟ್ಟೆ.

ನಿಜ ಹೇಳ್ಬೇಕಂದ್ರೆ ಇಂಗ್ಲಿಷರೂ ಒಳಗೊಳಗೆ ಅದನ್ನೇ ಮಾಡಿದ್ರು. ಲಾರ್ಡ್ ಅನ್ನೋ ಪದ ಇದೆಯಲ್ಲ, ಅದು ಹಳೆ ಇಂಗ್ಲಿಷಲ್ಲಿ 'ಹ್ಲಾಫ್‌ವೆಯಾರ್ಡ್'. ಹ್ಲಾಫ್ ಅಂದ್ರೆ ರೊಟ್ಟಿ, ವೆಯಾರ್ಡ್ ಅಂದ್ರೆ ಕಾಯೋನು. ಲಾರ್ಡ್ ಅಂದ್ರೆ ರೊಟ್ಟಿ ಕಾಯೋನು! ಲೇಡಿ ಅಂದ್ರೆ ಮೂಲದಲ್ಲಿ ರೊಟ್ಟಿಗೆ ಹಿಟ್ಟು ನಾದೋಳು. ಆಳಿಗೆ 'ಹ್ಲಾಫ್ಯಾಟ', ಅಂದ್ರೆ ರೊಟ್ಟಿ ತಿನ್ನೋನು. ಸುಮಾರು ಕ್ರಿ.ಶ. 600ರ ಕೆಂಟ್ ರಾಜ್ಯದ ಕಾನೂನಿನಲ್ಲೇ ಈ ರೊಟ್ಟಿ ತಿನ್ನೋನು ಸಿಗ್ತಾನೆ. ಇದನ್ನ ಉತ್ತರ ಕರ್ನಾಟಕದ ಯಾರಿಗಾದ್ರೂ ಹೇಳಿ, ಜೋಳದ ರೊಟ್ಟಿ ಮುರೀತಾ ತಕ್ಷಣ ತಲೆ ಆಡಿಸ್ತಾರೆ.

ಈ ಜೋಳದ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೋಡ್ಬೇಕಂದ್ರೆ ನಮ್ಮೂರಿಂದ ಬೇಲೂರು ಮೇಲೆ ಹಳೇಬೀಡಿಗೆ ಹೋಗಿ. ಹೊಯ್ಸಳೇಶ್ವರ ದೇವಸ್ಥಾನದ ಹತ್ರ ಒಂದು ಕಂಬ ಇದೆ. ಎಲ್ಲರೂ ಗೋಡೆ ಶಿಲ್ಪದ ಮುಂದೆ ಸೆಲ್ಫಿ ತಗೊಂಡು ಹೊರಟುಬಿಡ್ತಾರೆ. ನೀವು ಆ ಕಂಬದ ಹತ್ರ ನಿಲ್ಲಿ. ಅದರ ಮೇಲೆ ತಮ್ಮ ತಲೆ ತಾವೇ ಕತ್ತರಿಸ್ಕೊಳ್ತಿರೋ ಮನುಷ್ಯರನ್ನ ಕೆತ್ತಿದಾರೆ.

1220ರಲ್ಲಿ ಎರಡನೇ ವೀರಬಲ್ಲಾಳ ತೀರಿಕೊಂಡ. ಅವನ ದಂಡನಾಯಕ ಕುವರ ಲಕ್ಷ್ಮ, ರಾಜ ಮಗನ ಹಾಗೆ ಸಾಕಿದವನು. ರಾಜನ ಜೊತೇಲೇ ಸಾಯ್ತೀನಿ ಅಂತ ಮೊದಲೇ ಮಾತು ಕೊಟ್ಟಿದ್ದ. ಅದರ ಗುರುತಾಗಿ ಕಾಲಿಗೆ ತೊಡರು ಹಾಕ್ಕೊಂಡಿದ್ದ. ರಾಜ ಹೋದ ಮೇಲೆ ಅವನು, ಅವನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ಯೋಧರು ಪ್ರಾಣ ಬಿಟ್ಟರು ಅಂತ ಆ ಕಂಬದ ಶಾಸನ ಹೇಳುತ್ತೆ. ಇಂಥವರಿಗೆ ಗರುಡರು ಅಂತ ಹೆಸರು. ಲೆಂಕವಾಳಿ, ವೇಳೆವಾಳಿ, ಜೋಳವಾಳಿ ಅಂತ ಈ ಪ್ರತಿಜ್ಞೆಗಳಲ್ಲಿ ಬಗೆಗಳಿದ್ವು. ಎಂ. ಚಿದಾನಂದಮೂರ್ತಿಯವರು 1966ರ ತಮ್ಮ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಈ ಲೋಕವನ್ನ ನಮ್ಮ ಮುಂದೆ ತೆರೆದಿಟ್ಟಿದಾರೆ.

ಕಾಲೇಜಲ್ಲಿ ಆ ಕಂಬ ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಎಂಥಾ ನಿಷ್ಠೆ ಅನ್ನಿಸಿತ್ತು. ಈಗ ನೋಡಿದ್ರೆ ಬೇರೆ ಪ್ರಶ್ನೆ ಬರುತ್ತೆ. ಕುವರ ಲಕ್ಷ್ಮನ ಹೆಸರು ಇದೆ, ಸುಗ್ಗಲದೇವಿಯ ಹೆಸರು ಇದೆ. ಆ ಸಾವಿರ ಜನಕ್ಕೆ ಬೇಡ ಅನ್ನೋ ಅವಕಾಶ ಇತ್ತಾ? ಅವರ ಮನೇಲಿ ಯಾರಿದ್ರು?

ಇದೇ ಪ್ರಶ್ನೆ ಇಟ್ಕೊಂಡು ವಾಪಸ್ ಮೀಡ್ ಚಾವಡಿಗೆ ಹೋಗಿ. ಬಿಯೋವುಲ್ಫಲ್ಲಿ ಅಷ್ಟೊಂದು ಮೀಡ್ ಹರಿಯುತ್ತೆ, ಒಬ್ಬನಾದ್ರೂ ಜೇನು ಸಾಕೋನು ಬರ್ತಾನಾ ಅಂದ್ರೆ, ಇಲ್ಲ. ಅವನು ಸಿಗೋದು ಬೇರೆ ಕಡೆ, ಲೆಕ್ಕದ ಕಾಗದದಲ್ಲಿ. 11ನೇ ಶತಮಾನದ ಒಂದು ಇಂಗ್ಲಿಷ್ ದಾಖಲೆ ಇದೆ. ಒಂದು ಎಸ್ಟೇಟಿನಲ್ಲಿ ಯಾರ್ಯಾರು ಒಡೆಯನಿಗೆ ಏನೇನು ಕೊಡಬೇಕು, ಎಷ್ಟು ಕೆಲಸ ಮಾಡಬೇಕು ಅಂತ ಬರೆದಿಟ್ಟ ಪಟ್ಟಿ. ಅದರಲ್ಲಿ ಹಂದಿ ಕಾಯೋನು, ದನ ಕಾಯೋನು, ಅವರ ಜೊತೆ 'ಬೆಯೊಚೆಯೊರ್ಲ್', ಅಂದ್ರೆ ಜೇನು ಸಾಕೋನು. ಗೇಣಿಗೆ ಗೂಡು ಇಟ್ಕೊಂಡಿದ್ರೆ ಅವನು ಐದು ಅಳತೆ ಜೇನುತುಪ್ಪ ಕೊಡಬೇಕು. ಕೆಲವು ಕಡೆ ಇನ್ನೂ ಜಾಸ್ತಿ. ಅಷ್ಟಕ್ಕೇ ಮುಗಿಯಲ್ಲ. ಒಡೆಯ ಕರೆದಾಗ ಉಳೋಕೆ, ಕುಯ್ಯೋಕೆ, ಹುಲ್ಲು ಕೊಯ್ಯೋಕೆ ಹೋಗಬೇಕು.

ಇನ್ನು 1086ರಲ್ಲಿ ವಿಲಿಯಂ ರಾಜ ಇಂಗ್ಲೆಂಡಿನ ಆಸ್ತಿಪಾಸ್ತಿಯ ಸರ್ವೆ ಮಾಡಿಸಿದ. ಡೂಮ್ಸ್‌ಡೇ ಬುಕ್ ಅಂತಾರೆ. ಅದರಲ್ಲಿ ಎಷ್ಟೋ ಊರುಗಳ ಕಂದಾಯ ಜೇನಿನ ಲೆಕ್ಕದಲ್ಲಿದೆ. ಅದೇ ಪುಸ್ತಕದಲ್ಲಿ ಎಣಿಸಿದ ಜನರಲ್ಲಿ ಹತ್ತರಲ್ಲಿ ಒಬ್ಬರಷ್ಟು ಗುಲಾಮರು. ಮೀಡ್ ಶ್ರೀಮಂತರ ಪಾನೀಯ. ಸಾಮಾನ್ಯರು ಬಾರ್ಲಿಯಿಂದ ಮಾಡಿದ 'ಏಲ್' ಕುಡೀತಿದ್ರು. ಜೇನು ಕೊಟ್ಟವನು ಆ ಬೆಂಚಿನ ಮೇಲೆ ಕೂತಿರಲಿಲ್ಲ.

10ನೇ ಶತಮಾನದ ಎಕ್ಸೆಟರ್ ಪುಸ್ತಕದಲ್ಲಿ ಒಂದು ಒಗಟು ಇದೆ. ಅದರಲ್ಲಿ ಮೀಡ್ ತಾನೇ ಮಾತಾಡುತ್ತೆ. ನನ್ನನ್ನ ತೋಪಿಂದ, ಬೆಟ್ಟದ ಇಳಿಜಾರಿಂದ ರೆಕ್ಕೆಗಳು ಹೊತ್ತು ತಂದ್ವು, ಆಮೇಲೆ ಪೀಪಾಯಿಯಲ್ಲಿ ಮೀಯಿಸಿದ್ರು, ಈಗ ನನ್ನ ಜೊತೆ ಕುಸ್ತಿಗೆ ಬಂದವರ ಬೆನ್ನು ನೆಲಕ್ಕೆ ಹಚ್ತೀನಿ, ನಾನು ಕಟ್ಟಿಹಾಕೋನು ಅನ್ನೋ ಅರ್ಥದ ಮಾತು. ಕಟ್ಟಿಹಾಕೋನು ಅಂದಿದ್ದು ಅಮಲಿಗೆ. ನನಗೆ ಅದು ಬೇರೆ ಥರಾನೂ ಕೇಳಿಸುತ್ತೆ.

ಮುಂದೆ 14ನೇ ಶತಮಾನದ ಇಂಗ್ಲಿಷಿಗೆ ಬರೋ ಹೊತ್ತಿಗೆ ಮೀಡ್ ಹಿಂದೆ ಸರೀತು. ಏಲ್ ಅಗ್ಗ, ಫ್ರಾನ್ಸಿನಿಂದ ವೈನ್ ಹಡಗುಗಟ್ಟಲೆ ಬರ್ತಿತ್ತು. ಚಾಸರ್ ಕವಿಯ ಒಂದು ಕಥೆಯಲ್ಲಿ ಹುಡುಗ ಹುಡುಗಿಗೆ ಕಳಿಸೋ ಗಿಫ್ಟುಗಳಲ್ಲಿ ಮೀಡ್ ಒಂದು. ಯುದ್ಧದ ಪ್ರತಿಜ್ಞೆ ಹೋಗಿ ಲೈನ್ ಹೊಡೆಯೋ ಸಾಮಾನಾಯ್ತು. ಆಗ ಇನ್ನೊಂದು ತಮಾಷೆಯೂ ಆಗಿತ್ತು. ಬರಹದಲ್ಲಿ 'ಮೆದೆ' ಅಂತ ಒಂದೇ ಥರ ಕಾಣೋ ಪದಗಳು ಸೇರ್ಕೊಂಡಿದ್ವು. ಒಂದು ಜೇನಿನ ಮದ್ಯ. ಇನ್ನೊಂದು ಹುಲ್ಲುಗಾವಲು. ಮತ್ತೊಂದು ಇನಾಮು, ಸಂಬಳ, ಲಂಚ. ಮೂಲ ಬೇರೆ ಬೇರೆ, ಅಕ್ಷರ ಒಂದೇ. ಲ್ಯಾಂಗ್‌ಲ್ಯಾಂಡ್ ಅನ್ನೋ ಕವಿ ತನ್ನ 'ಪಿಯರ್ಸ್ ಪ್ಲೌಮನ್' ಕಾವ್ಯದಲ್ಲಿ ಆ ಮೂರನೇ ಮೆದೆಯನ್ನ ಒಬ್ಬ ಹೆಂಗಸಾಗಿ ಮಾಡಿದ. ಕೆಂಪು ಬಟ್ಟೆ, ಮೈತುಂಬ ಒಡವೆ ಹಾಕ್ಕೊಂಡ ಲೇಡಿ ಮೀಡ್. ಕೆಲಸಕ್ಕೆ ಸಿಗೋ ನ್ಯಾಯವಾದ ಕೂಲಿ ಎಲ್ಲಿ ಮುಗಿಯುತ್ತೆ, ಕೊಂಡುಕೊಳ್ಳೋ ಇನಾಮು ಎಲ್ಲಿ ಶುರುವಾಗುತ್ತೆ ಅಂತ ಅವಳ ಸುತ್ತ ವಾದ ನಡೆಯುತ್ತೆ.

ಆ ವಾದ ನಮ್ಮನೇಲೂ ನಡೆದಿತ್ತು. ಈಗ ಬಾಟಲಿಗೆ ಬರ್ತೀನಿ.

ಅಟ್ಟದ ಮೇಲೆ ಬಿರಡೆ ಹಾರಿಸಿದ ಆ ಬಾಟಲಿ ಅಜ್ಜನದು. ದಪ್ಪ ಗಾಜಿಂದು, ಚೌಕದ್ದು. ಅಜ್ಜ ಒಂದು ಕಾಫಿ ತೋಟದಲ್ಲಿ ಆಳಾಗಿ ಸೇರಿ, ಆಮೇಲೆ ಮೇಸ್ತ್ರಿ ಆದವರು. ಪ್ರತಿ ವರ್ಷ ಹಣ್ಣು ಕೊಯ್ಲು ಮುಗಿದ ಮೇಲೆ ಸಾಹುಕಾರ್ರು ಹಳೇ ಆಳುಗಳನ್ನ ಕರೆದು ಊಟ ಹಾಕಿಸಿ, ಒಂದು ಪಂಚೆ, ಒಂದು ಬಾಟಲಿ ತೋಟದ ಜೇನುತುಪ್ಪ ಕೊಡ್ತಿದ್ರು. ಆ ಬಾಟಲಿಗಳನ್ನ ಅಜ್ಜ ಸಾಲಾಗಿ ಇಟ್ಟಿದ್ರು, ಶೀಲ್ಡು ಇಟ್ಟ ಹಾಗೆ. ನಾನು ಚಿಕ್ಕೋಳಿದ್ದಾಗ ಅದನ್ನ ತೋರಿಸಿ ನಮ್ಮಜ್ಜಂಗೆ ಎಷ್ಟು ಮರ್ಯಾದೆ ನೋಡು ಅಂತ ಫ್ರೆಂಡ್ಸಿಗೆ ಹೇಳ್ತಿದ್ದೆ.

ಅಜ್ಜ ಹೋದ ಮೇಲೆ ಪೆಟ್ಟಿಗೇಲಿ ಒಂದು ಲೆಕ್ಕದ ಪುಸ್ತಕ ಸಿಕ್ತು. ತೋಟದ ಮುಂಗಡದ ಲೆಕ್ಕ. ಅತ್ತೆ ಮದುವೆಗೆ ಅಂತ ಒಂದು ಸಲ ಮುಂಗಡ ತಗೊಂಡಿದ್ರು. ವಾರದ ಬಟವಾಡೆಯಲ್ಲಿ ಅಷ್ಟಿಷ್ಟು ಮುರಿದುಕೊಳ್ಳೋದು, ಮಳೆಗಾಲದಲ್ಲಿ ಕೆಲಸ ಕಮ್ಮಿಯಾದಾಗ ಮತ್ತೆ ಮುಂಗಡ ಸೇರೋದು. ಪುಟ ತಿರುಗಿಸಿದ ಹಾಗೆ ವರ್ಷ ತಿರುಗುತ್ತೆ, ಬಾಕಿ ಮಾತ್ರ ಸೊನ್ನೆಗೆ ಬರಲ್ಲ.

ಪಕ್ಕದ ತೋಟದವರು ಜಾಸ್ತಿ ಕೂಲಿಗೆ ಎರಡು ಸಲ ಕರೆದಿದ್ರಂತೆ. ಅಜ್ಜ ಹೋಗಲಿಲ್ಲ. ಯಾಕೆ ಅಂತ ಅಜ್ಜಿನ ಕೇಳಿದೆ.

"ಅವ್ರ ಅನ್ನ ತಿಂದಿವ್ನಿ, ಬಿಟ್ಟೋಗದು ಹೆಂಗೆ ಅನ್ನೋರು."

"ನೀವೇನಂದ್ರಿ?"

"ಅನ್ನ ನಾವ್ ಗೇದು ತಿಂದಿದ್ದು ಕಣ್ರೀ ಅಂದೆ. ಕೇಳ್ಬೇಕಲ್ಲ. ಆ ಬಾಟ್ಲಿ ತೋರ್ಸೋರು."

ಅಜ್ಜ ಜೀತದಾಳು ಅಂತ ನಮ್ಮನೇಲಿ ಯಾರೂ ಅಂದುಕೊಂಡಿರಲಿಲ್ಲ. ವಾರವಾರ ಕೂಲಿ ಸಿಗ್ತಿತ್ತು, ಹೊಡೆತ ಬಡಿತ ಇರಲಿಲ್ಲ, ಸಾಹುಕಾರ್ರು ಮಾತಾಡಿಸೋರು. ಆದ್ರೆ 1976ರ ಜೀತಪದ್ಧತಿ ರದ್ದತಿ ಕಾಯ್ದೆಯನ್ನ ತೆಗೆದು ಓದಿ. ಮುಂಗಡದ ಕಾರಣಕ್ಕೆ ಬೇರೆ ಕಡೆ ಕೆಲಸಕ್ಕೆ ಹೋಗೋ ಸ್ವಾತಂತ್ರ್ಯ ಕಳ್ಕೊಳ್ಳೋದೂ ಅದರ ವ್ಯಾಖ್ಯೆಯೊಳಗೆ ಬರುತ್ತೆ. ಅಜ್ಜನ್ನ ತಡೆದದ್ದು ಆ ಬಾಕಿಯಾ, ಅಥವಾ ಆ ಬಾಟಲಿಯಾ? ಪುಸ್ತಕ ನೋಡಿದ್ರೆ ಬಾಕಿ ಅನ್ನಿಸುತ್ತೆ. ಅಜ್ಜನ ಮಾತು ನೆನಪಾದ್ರೆ ಬಾಟಲಿ ಅನ್ನಿಸುತ್ತೆ. ಎರಡನ್ನೂ ಬೇರೆ ಮಾಡೋಕೆ ನನಗೆ ಇವತ್ತಿಗೂ ಆಗಿಲ್ಲ. ಬಹುಶಃ ಬೇರೆ ಮಾಡೋಕೆ ಆಗಬಾರದು ಅಂತಲೇ ಸಾಲದ ಜೊತೆಗೆ ಜೇನು ಕೊಡ್ತಾರೆ.

ಮೆಡು ಅನ್ನೋ ಪದದಿಂದ ಕೊನೆಗೆ ನನಗೆ ಸಿಕ್ಕಿದ್ದು ಇಷ್ಟೇ. ಚಾವಡಿಯ ಮೀಡ್, ರೊಟ್ಟಿ ಕಾಯೋ ಲಾರ್ಡ್, ಜೋಳದ ಪಾಳಿ, ತೋಟದ ಬಾಟಲಿ, ಇವೆಲ್ಲ ಒಂದೇ ಕೆಲಸ ಮಾಡಿವೆ. ಕೆಲಸಕ್ಕೆ ಸಲ್ಲಬೇಕಾದ ಪಾಲನ್ನ ಉಡುಗೊರೆ ಅಂತ ಕೊಟ್ರೆ, ತಗೊಂಡವನು ಸಾಲಗಾರ ಆಗ್ತಾನೆ. ವಿಗ್ಲಾಫ್ ಧೈರ್ಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಜ್ಜನ ನಿಯತ್ತೂ ಸುಳ್ಳಲ್ಲ, ಅದನ್ನ ನೋಡೇ ಬೆಳೆದವಳು ನಾನು. ಆದ್ರೆ ನಾಳೆ ನಿಮ್ಮ ಆಫೀಸಲ್ಲಿ ಯಾರಾದ್ರೂ ಓವರ್‌ಟೈಮ್ ದುಡ್ಡಿನ ಬದಲು ಪಿಜ್ಜಾ ತರಿಸಿ, ನಾವೆಲ್ಲ ಒಂದೇ ಫ್ಯಾಮಿಲಿ ಅಂದ್ರೆ, ಮೀಡ್ ಚಾವಡಿ ಒಂದ್ಸಲ ನೆನಪು ಮಾಡ್ಕೊಳ್ಳಿ. ಪಿಜ್ಜಾ ತಿನ್ನಿ. ಲೆಕ್ಕಾನೂ ಕೇಳಿ.

ಈ ವರ್ಷ ಹೂಮಳೆ ಚೆನ್ನಾಗಿ ಬಿತ್ತು. ಪಕ್ಕದ ಮನೆ ಹುಡುಗ ಜೇನುಪೆಟ್ಟಿಗೆ ಇಟ್ಟಿದಾನೆ. ಎರಿ ಮುಚ್ಚೋ ತನಕ ಕಾದು, ಮೆಷಿನ್ನಲ್ಲಿ ತಿರುಗಿಸಿ ತುಪ್ಪ ತೆಗೀತಾನೆ, ಹಿಂಡಲ್ಲ. ಎರಿ ವಾಪಸ್ ಹುಳಗಳಿಗೇ ಹೋಗುತ್ತೆ. ಮೊನ್ನೆ ಒಂದು ಬಾಟಲಿ ತಂದು, "ಇಟ್ಕೊಳ್ಳಿ ಅಜ್ಜಿ, ದುಡ್ಡೇನೂ ಬ್ಯಾಡ" ಅಂದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಅವನ ಕೈಲಿಟ್ರು.

"ಇಸ್ಕೊ ಮಗ" ಅಂದ್ರು. "ಜೇನು ಚೆನ್ನಾಗದೆ. ಲೆಕ್ಕಾನೂ ಚೆನ್ನಾಗಿರ್ಲಿ."

ಇವತ್ತಿಗೆ ಇಷ್ಟು. ನಿಮ್ಮನೇಲೂ ಇಂಥ ಬಾಟಲಿ, ಇಂಥ ಪುಸ್ತಕ ಇದ್ರೆ ತೆಗೆದು ನೋಡಿ. ದೊಡ್ಡವರು ಇದಾರೆ ಅಂದ್ರೆ ಈಗಲೇ ಕೇಳಿ.